ಅಯಸ್ಕಾಂತವೂ ವೈದ್ಯಧರ್ಮವೂ

ಸೂಜಿಗಲ್ಲನ್ನು ಚಿಕಿತ್ಸೆಗೆ ಬಳಸುವುದು ಹೊಸದಲ್ಲ. ದೇಹದಲ್ಲಿ ನೆಟ್ಟ ಶಲ್ಯವನ್ನು ತೆಗೆಯುವ ಉಪಾಯಗಳಲ್ಲಿ ಸುಶ್ರುತನು ಅಯಸ್ಕಾಂತವನ್ನೂ ಎಣಿಸಿರುವನು. ಆದರೆ ಎಲ್ಲ ಶಲ್ಯಕ್ಕೂ ಅದು ಸಲ್ಲದು. ಶಲ್ಯವು ನೇರವಾಗಿರಬೇಕು, ಮಾಂಸದಲ್ಲಿ ಸಿಕ್ಕಿಕೊಂಡಿರಬಾರದು, ಅದಕ್ಕೆ ಕಿವಿಯಂತೆ ಚಾಚಿದ ಕೊಕ್ಕೆಗಳಿರಬಾರದು, ಗಾಯದ ಬಾಯಿ ಅಗಲವಾಗಿರಬೇಕು ಎಂದು ಕಟ್ಟುಮಾಡಿರುವನು. ಶಕ್ತಿಯನ್ನು ಹೇಳಿದೊಡನೆಯೇ ಅದರ ಮೇರೆಯನ್ನೂ ಹೇಳುವುದು ವೈದ್ಯನ ಲಕ್ಷಣವೆಂಬುದು ಇದರಿಂದ ತಿಳಿಯತಕ್ಕದ್ದು.

ಅಂದು ಕಬ್ಬಿಣವನ್ನು ದೇಹದಿಂದ ಹೊರಗೆ ಸೆಳೆಯಲು ಅಯಸ್ಕಾಂತವು ಬೇಕಾಗಿತ್ತು. ಇಂದಿನ ವಿದ್ವಾಂಸರು ಕಬ್ಬಿಣವನ್ನೇ ಒಳಗೆ ಸೇರಿಸುತ್ತಿರುವರು. ಇದು ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣ. ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಈ ಕಣದ ಗಾತ್ರವು ಸಾಮಾನ್ಯವಾಗಿ 100 ನ್ಯಾನೋಮೀಟರಿಗೆ ಒಳಗಿನದು. ಇದರ ಪ್ರಯೋಜನವೇನು? 1885ರಲ್ಲಿ ಜರ್ಮನಿಯ ಪೌಲ್ ಏರ್ಲಿಖ್ ಎಂಬ ವೈದ್ಯನು ಪ್ರಾಣಿಗಳ ರಕ್ತದಲ್ಲಿ ಬಣ್ಣವನ್ನು ಸೇರಿಸಿ ನೋಡಲು, ಉಳಿದ ಅವಯವಗಳಿಗೆ ಬಣ್ಣವೇರಿತು, ಮಿದುಳಿಗೆ ಏರಲಿಲ್ಲ. ಮಿದುಳಿನ ರಕ್ತನಾಳಗಳ ಭಿತ್ತಿಯು ವಿಷವನ್ನು ತಡೆಯುವಂತೆಯೇ ಬಹುಪಾಲು ಔಷಧಗಳನ್ನೂ ತಡೆಯುವುದೆಂದು ಮುಂದೆ ತಿಳಿದುಬಂದಿತು. ಈ ಕಾವಲನ್ನು ದಾಟಿಸಬೇಕೆಂದು, ಕಣದ ಮೈಗೆ ಮದ್ದನ್ನು ಕಟ್ಟಿ ಹೊರಗಿನ ಅಯಸ್ಕಾಂತದಿಂದ ರೋಗಸ್ಥಾನಕ್ಕೆ ಸೆಳೆಯುವ ಪ್ರಯೋಗಗಳು ನಡೆದಿವೆ. ಅದೇ ಕಣವು ಎಂ.ಆರ್.ಐ. ಚಿತ್ರದಲ್ಲಿ ತಾನಿರುವೆಡೆಯನ್ನು ಕಪ್ಪಾಗಿ ತೋರಿಸುವುದು. ಒಂದೇ ವಸ್ತು ದೀಪವೂ ಆಗಲಿ, ಮದ್ದೂ ಆಗಲಿ ಎಂಬುದು ಆಶಯ.

ಆದರೆ ಎರಡು ಫಲಗಳೂ ಯಾವಾಗಲೂ ಕೂಡಿ ಬರುವುದಿಲ್ಲ. ಕಣದಿಂದ ಮದ್ದಿನ ಬದಲು ಕಾವನ್ನೇ ಪಡೆಯುವ ಇನ್ನೊಂದು ಬಗೆಯುಂಟು. ಬರ್ಲಿನ್ನಿನ ವೈದ್ಯರು ಗ್ಲಿಯೋಬ್ಲಾಸ್ಟೋಮವೆಂಬ ಮಿದುಳಿನ ಘೋರ ಅರ್ಬುದದೊಳಕ್ಕೆ ಕಣಗಳನ್ನು ನೇರವಾಗಿ ಸೇರಿಸಿ, ದಿಕ್ಕು ಬದಲಿಸುತ್ತಿರುವ ಕಾಂತಕ್ಷೇತ್ರದಿಂದ ಅವನ್ನು ಕಾಯಿಸಿ, ವಿಕಿರಣದೊಡನೆ ಚಿಕಿತ್ಸೆ ಮಾಡಿದರು. 2010ರಲ್ಲಿ ಯೂರೋಪಿನಲ್ಲಿ ಇದಕ್ಕೆ ಅನುಮತಿ ದೊರೆಯಿತು. 2011ರ ವರದಿಯಲ್ಲಿ 66 ರೋಗಿಗಳ ವೃತ್ತಾಂತವುಂಟು. ಅವರಲ್ಲಿ ಈ ರೋಗವು ಮರುಕಳಿಸಿದ್ದ 59 ಮಂದಿಯ ಪೈಕಿ ಅರ್ಧದಷ್ಟು ಜನ, ಮರುಕಳಿಸಿದುದು ಕಂಡಂದಿನಿಂದ 13.4 ತಿಂಗಳಿಗೂ ಮೇಲ್ಪಟ್ಟು ಬದುಕಿದರು. ಹೋಲಿಸಿ ನೋಡಲು ಈ ಚಿಕಿತ್ಸೆಯಿಲ್ಲದ ಬೇರೊಂದು ಗುಂಪು ಇರಲಿಲ್ಲ. ಅಲ್ಲದೆ, ಮಿದುಳಿನಲ್ಲಿ ಉಳಿದ ಕಬ್ಬಿಣವು ಎಂ.ಆರ್.ಐ. ಚಿತ್ರವನ್ನೇ ಕೆಡಿಸುವುದರಿಂದ, ಅರ್ಬುದವನ್ನು ಅಷ್ಟು ಸ್ಪಷ್ಟವಾಗಿ ತೋರದ ಸಿ.ಟಿ. ಚಿತ್ರವನ್ನು ವೈದ್ಯರು ಆಶ್ರಯಿಸಬೇಕಾಯಿತು.

ಇಲ್ಲಿ ಧರ್ಮಪ್ರಶ್ನೆಯೊಂದು ಏಳುವುದು: ಚಿಕಿತ್ಸೆಗಾಗಿ ನೋಟವನ್ನು ಬಿಟ್ಟುಕೊಡಬಹುದೆ? ಸಾಯುವವನಿಗೆ ಬೇಕಾದುದು ದಿನಗಳೇ ಹೊರತು ಚಿತ್ರವಲ್ಲ ಎಂಬುದು ಪೂರ್ವಪಕ್ಷ. ಅದರಲ್ಲಿ ಹುರುಳುಂಟು. ಆದರೆ ರೋಗದ ಅರಿವು ವೈದ್ಯನ ಕುತೂಹಲಕ್ಕಾಗಿ ಇರುವುದಲ್ಲ. ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳಬೇಕೆ, ಮನೆಗೆ ಹೋಗಿ ಮಕ್ಕಳ ನಡುವೆ ಇರಬೇಕೆ ಎಂಬ ನಿರ್ಣಯಕ್ಕೆ ಅದೇ ಆಧಾರ. ಆ ನೋಟವು ಮಸುಕಾದರೆ ನಷ್ಟವು ರೋಗಿಯದು. ಆದಕಾರಣ ಅದನ್ನು ಬಿಟ್ಟುಕೊಡುವ ಅಧಿಕಾರವೂ ಅವನದೇ.

ನಿರ್ಣಯಿಸುವ ಅವಯವವೇ ಇಲ್ಲಿ ರೋಗಗ್ರಸ್ತವಾದುದರಿಂದ, ಬುದ್ಧಿಯು ತಿಳಿಯಾಗಿರುವಾಗಲೇ, ಮನೆಯವರ ಸಮಕ್ಷಮದಲ್ಲಿ ಅವನನ್ನು ಕೇಳತಕ್ಕದ್ದು. ದೊರೆಯಬಹುದಾದ ದಿನಗಳನ್ನು ಹೇಳಿ, ಕಳೆದುಹೋಗುವ ನೋಟವನ್ನು ಮರೆಮಾಡಿ ಪಡೆದುದು ಸಮ್ಮತಿಯಲ್ಲ. ಹೋಲಿಕೆಯಿಲ್ಲದ ಲೆಕ್ಕವನ್ನು ಸಿದ್ಧಫಲವೆಂದು ಹೇಳಿ ಪಡೆದುದೂ ಅಲ್ಲ. ಇವೆರಡನ್ನೂ ತಿಳಿದು ರೋಗಿಯು ಒಪ್ಪಿದರೆ ಚಿಕಿತ್ಸೆಯು ಧರ್ಮ್ಯವೇ. ಒಪ್ಪದೆ ಮನೆಗೆ ಹೊರಟರೆ ಅವನನ್ನು ಅವಿವೇಕಿಯೆನ್ನುವ ಹಕ್ಕು ಯಾರಿಗೂ ಇಲ್ಲ.