ಒಂದೇ ಕುಳಿಯ ಎರಡು ಮೊಳಕೆ

ಟೆರೇಸ್ ಮೇಲೆ ಟೊಮೆಟೊ, ಮೆಣಸಿನಕಾಯಿ ಬೆಳೆಯೋಕೆ ಹೊರಟ ಎಲ್ಲರಿಗೂ ಎರಡು-ಮೂರು ವಾರದೊಳಗೆ ಒಂದು ಸಣ್ಣ ನೈತಿಕ ಪ್ರಶ್ನೆ ಎದುರಾಗುತ್ತೆ. ಬಹಳಷ್ಟು ಜನ ಅದನ್ನ ಪ್ರಶ್ನೆ ಅಂತ ಗಮನಿಸೋದೂ ಇಲ್ಲ. ಕತ್ತರಿ ತಗೊಂಡು ಕೆಲಸ ಮುಗಿಸಿಬಿಡ್ತಾರೆ.

ವಿಷಯ ಇಷ್ಟು. ಪ್ರೋಟ್ರೇಯ ಒಂದೊಂದು ಕುಳಿಗೆ ಎರಡೆರಡು ಬೀಜ ಹಾಕಿರ್ತೀವಿ, ಒಂದು ಹುಟ್ಟದಿದ್ರೆ ಇನ್ನೊಂದಿರಲಿ ಅಂತ. ಬೀಜ ಚೆನ್ನಾಗಿದ್ರೆ ಎರಡೂ ಹುಟ್ಟುತ್ತವೆ. ಅಷ್ಟು ಚಿಕ್ಕ ಕುಳಿಯಲ್ಲಿ ಎರಡಕ್ಕೂ ಜಾಗ ಇಲ್ಲ, ಬಿಟ್ಟರೆ ಎರಡೂ ಸೊರಗುತ್ತವೆ. ಹಾಗಾಗಿ ಬೀಜದೆಲೆಗಳ ನಡುವಿಂದ ಮೊದಲ ನಿಜವಾದ ಎಲೆ ಬಂದ ಮೇಲೆ ಒಂದನ್ನ ಉಳಿಸಿಕೊಂಡು ಇನ್ನೊಂದನ್ನ ತೆಗೀಬೇಕು. ಕೀಳೋದಕ್ಕಿಂತ ಬುಡದಲ್ಲಿ ಕತ್ತರಿಸೋದು ಒಳ್ಳೇದು, ಕಿತ್ತರೆ ಉಳಿಯೋ ಸಸಿಯ ಬೇರೂ ಅಲುಗುತ್ತೆ. ಯಾವುದನ್ನ ಉಳಿಸಬೇಕು ಅಂದ್ರೆ ಯೂಟ್ಯೂಬ್ ವಿಡಿಯೊದವರಿಂದ ಹಿಡಿದು ನಮ್ಮೂರಲ್ಲಿ ಒಟ್ಲು ಬಿಡೋ ಹಿರಿಯರ ತನಕ ಎಲ್ಲರದ್ದೂ ಒಂದೇ ಉತ್ತರ: ಗಟ್ಟಿಯಾಗಿರೋದನ್ನ ಉಳಿಸು, ಬಡಕಲನ್ನ ತೆಗಿ.

ಸಲಹೆ ಸರಿಯಾಗೇ ಇದೆ. ನಾನೂ ಹಾಗೇ ಮಾಡ್ತೀನಿ. ನನ್ನ ತಕರಾರು ಇರೋದು, ಕತ್ತರಿಸಿದ ಮೇಲೆ ನಮ್ಮ ಮನಸ್ಸು ಸದ್ದಿಲ್ಲದೆ ಸೇರಿಸಿಕೊಳ್ಳೋ ಇನ್ನೊಂದು ಮಾತಿನ ಬಗ್ಗೆ: "ಅದು ಗಟ್ಟಿ ಇತ್ತು, ಅದಕ್ಕೇ ಉಳೀತು. ಅದಕ್ಕೆ ಆ ಯೋಗ್ಯತೆ ಇತ್ತು."

ನಿಜವಾಗ್ಲೂ ಇತ್ತಾ?

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಗೊತ್ತಿರಬಹುದು. ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳೋ ತಳಿ. ಅದು ಎಫ್1 ಹೈಬ್ರಿಡ್. ಅಂದ್ರೆ ಎರಡು ಶುದ್ಧ ತಳಿಗಳನ್ನ ಕೂಡಿಸಿ ಪಡೆದ ಮೊದಲ ತಲೆಮಾರು. ಅಪ್ಪನ ಕಡೆಯಿಂದ ಎಲ್ಲ ಬೀಜಕ್ಕೂ ಸಿಕ್ಕಿರೋದು ಒಂದೇ ವಂಶವಾಹಿಗಳು, ಅಮ್ಮನ ಕಡೆಯಿಂದಲೂ ಅಷ್ಟೇ. ಒಂದು ಪ್ಯಾಕೆಟ್‌ನಲ್ಲಿರೋ ಬೀಜಗಳು ಹೆಚ್ಚುಕಮ್ಮಿ ಅವಳಿಗಳು. ಆದರೂ ಟ್ರೇಯಲ್ಲಿ ಅವೆಲ್ಲ ಒಂದೇ ಥರ ಬೆಳೆಯಲ್ಲ. ಒಂದು ಬೀಜ ಅರ್ಧ ಸೆಂಟಿಮೀಟರ್ ಆಳದಲ್ಲಿರುತ್ತೆ, ಪಕ್ಕದ್ದು ಒಂದೂವರೆ ಸೆಂಟಿಮೀಟರ್ ಕೆಳಗೆ ಜಾರಿರುತ್ತೆ. ಒಂದರ ತಲೆ ಮೇಲೆ ಕೋಕೋಪೀಟ್ ಗಂಟು ಕೂತಿರುತ್ತೆ. ಇನ್ನೊಂದರ ಬೀಜದ ಸಿಪ್ಪೆ ಎಲೆಗೆ ಟೋಪಿ ಥರ ಅಂಟಿಕೊಂಡು ಎರಡು ದಿನ ಬಿಚ್ಚೋದೇ ಇಲ್ಲ. ಟ್ರೇಯ ಅಂಚಿನ ಕುಳಿಗಳು ಬೇಗ ಒಣಗುತ್ತವೆ.

ಒಂದು ದಿನ ಮೊದಲು ಮೇಲೆ ಬಂದ ಸಸಿ ಎಲೆ ಬಿಚ್ಚುತ್ತೆ, ಬೆಳಕು ಹಿಡಿಯುತ್ತೆ, ಆ ಬೆಳಕಿಂದ ಇನ್ನಷ್ಟು ಎಲೆ ಮಾಡುತ್ತೆ. ಅದರ ನೆರಳಲ್ಲಿ ಹುಟ್ಟಿದ್ದು ಬೆಳಕು ಹುಡುಕ್ತಾ ಸಣಕಲಾಗಿ ಉದ್ದಕ್ಕೆ ಏಳುತ್ತೆ. ಹತ್ತು ದಿನದ ಹೊತ್ತಿಗೆ ಒಂದು ದಿನದ ಅಂತರ ಚಕ್ರಬಡ್ಡಿ ಥರ ಬೆಳೆದು, ನೋಡಿದವರಿಗೆ ಒಂದು ಗಟ್ಟಿ ಜಾತಿ, ಇನ್ನೊಂದು ಬಡಕಲು ಜಾತಿ ಅನ್ನಿಸೋಕೆ ಶುರುವಾಗುತ್ತೆ. ಎರಡೂ ಅವಳಿಗಳು ಅನ್ನೋದು ಅಷ್ಟೊತ್ತಿಗೆ ಮರೆತಿರುತ್ತೆ.

ನಾಟಿ ಬೀಜದಲ್ಲಾದ್ರೆ ಹುಟ್ಟುವಾಗಲೇ ವ್ಯತ್ಯಾಸ ಇರುತ್ತಲ್ಲ ಅಂತ ಯಾರಾದ್ರೂ ಕೇಳಬಹುದು. ಇರುತ್ತೆ, ಒಪ್ಪೋಣ. ಆಗಲೂ ಉತ್ತರ ಅಷ್ಟು ಸಲೀಸಲ್ಲ. 1969ರಲ್ಲಿ ಆರ್ಥರ್ ಜೆನ್ಸನ್ ಅನ್ನೋ ಮನಃಶಾಸ್ತ್ರಜ್ಞ, ಅಮೆರಿಕದ ಕಪ್ಪು ಮತ್ತು ಬಿಳಿಯ ಜನರ ಐಕ್ಯೂ ಅಂಕಗಳ ಅಂತರಕ್ಕೆ ವಂಶವಾಹಿಗಳೂ ಕಾರಣ ಇರಬಹುದು ಅಂತ ವಾದಿಸಿದ. ಅದಕ್ಕೆ ಮರುವರ್ಷ ರಿಚರ್ಡ್ ಲೆವಾಂಟಿನ್ ಅನ್ನೋ ತಳಿವಿಜ್ಞಾನಿ ಕೊಟ್ಟ ಉತ್ತರದಲ್ಲಿ ಇದ್ದದ್ದು ಬೀಜದ ಉದಾಹರಣೆಯೇ. ಒಂದೇ ಚೀಲದಿಂದ ಎರಡು ಹಿಡಿ ಮೆಕ್ಕೆಜೋಳದ ಬೀಜ ತಗೊಳ್ಳಿ. ಒಂದು ಹಿಡಿಗೆ ಎಲ್ಲ ಪೋಷಕಾಂಶ ಕೊಡಿ, ಇನ್ನೊಂದಕ್ಕೆ ಕಮ್ಮಿ ಮಾಡಿ. ಒಂದೊಂದು ಗುಂಪಿನ ಒಳಗೂ ಗಿಡದಿಂದ ಗಿಡಕ್ಕೆ ಎತ್ತರ ವ್ಯತ್ಯಾಸ ಆಗೋದು ವಂಶವಾಹಿಯಿಂದಲೇ ಇರಬಹುದು. ಆದರೆ ಎರಡು ಗುಂಪುಗಳ ನಡುವಿನ ಅಂತರ ಪೂರ್ತಿ ಗೊಬ್ಬರದ್ದು. ಗುಂಪಿನ ಒಳಗಿನ ಲೆಕ್ಕ ತೋರಿಸಿ ಗುಂಪುಗಳ ನಡುವಿನ ಅಂತರಕ್ಕೆ ತೀರ್ಪು ಕೊಡೋಕಾಗಲ್ಲ ಅನ್ನೋದು ಅವನ ಮಾತು.

ಕಾಲದ ಲೆಕ್ಕವೂ ಹೀಗೇ ಮೋಸ ಮಾಡುತ್ತೆ. ಟೊಮೆಟೊ ಸುಮಾರು ಒಂದು ವಾರಕ್ಕೆ ತಲೆ ಎತ್ತುತ್ತೆ. ಮೆಣಸಿನಕಾಯಿಗೆ ಹತ್ತು ದಿನದಿಂದ ಎರಡು ವಾರ ಬೇಕು, ಚಳಿ ಇದ್ದರೆ ಇನ್ನೂ ತಡ. ಟೊಮೆಟೊ ಸಸಿ 25-30 ದಿನಕ್ಕೆ ನಾಟಿಗೆ ಬಂದರೆ ಮೆಣಸಿನ ಸಸಿ 40 ದಿನ ಕೇಳುತ್ತೆ. ಒಂಬತ್ತನೇ ದಿನ ಎರಡೂ ಟ್ರೇಗಳನ್ನ ಅಕ್ಕಪಕ್ಕ ಇಟ್ಟು ಪರ್ಫಾರ್ಮೆನ್ಸ್ ರಿವ್ಯೂ ಮಾಡಿದ್ರೆ ಮೆಣಸಿನಕಾಯಿಯ ಇಡೀ ಟ್ರೇ ಫೇಲು. ಆದರೆ ಆರೈಕೆ ಸಿಕ್ಕಿದರೆ ಮೆಣಸಿನ ಗಿಡ ಕುಂಡದಲ್ಲಿ ವರ್ಷ ದಾಟಿಯೂ ಕಾಯಿ ಬಿಡುತ್ತೆ, ಟೊಮೆಟೊ ಸಾಮಾನ್ಯವಾಗಿ ಅದಕ್ಕೆ ಮೊದಲೇ ಮುಗಿದಿರುತ್ತೆ.

ಇನ್ನು "ಕಷ್ಟಪಟ್ರೇನೇ ಗಟ್ಟಿಯಾಗೋದು" ಅನ್ನೋ ಮಾತು. ನಮ್ಮ ಕಡೆ ಇದನ್ನ ಕೇಳದೆ ಬೆಳೆದವರಿಲ್ಲ. ಸಸಿಗಳಿಗೂ ಕಷ್ಟದ ತರಬೇತಿ ಇದೆ, ನಾಟಿಗೆ ಮುಂಚೆ ಒಂದು ವಾರ ಅವನ್ನ ಬಿಸಿಲಿಗೆ ಒಗ್ಗಿಸಬೇಕು. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಮರುದಿನ ಎರಡು, ಹಾಗೇ ಏರಿಸ್ತಾ, ನೀರು ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ. ಆಗ ಕಾಂಡ ಬಲಿಯುತ್ತೆ, ಎಲೆ ದಪ್ಪ ಆಗುತ್ತೆ. ಆದರೆ ಈ ಕಷ್ಟ ಕೊಡೋದು ಬೇರು ಬಲಿತ ಮೇಲೆ, ಅಳತೆಯಲ್ಲಿ, ಸಂಜೆ ಮತ್ತೆ ನೆರಳಿಗೆ ತಂದಿಟ್ಟು. ಐದು ದಿನದ ಮೊಳಕೆಯನ್ನ ಏಪ್ರಿಲ್ ಮಧ್ಯಾಹ್ನ ಸಿಮೆಂಟ್ ಟೆರೇಸ್ ಮೇಲೆ ಇಟ್ಟರೆ ಅದು ಗಟ್ಟಿಯಾಗಲ್ಲ, ಒಣಗುತ್ತೆ. ನೂರರಲ್ಲಿ ಎರಡು ಉಳಿದುಕೊಂಡರೆ ಆ ಎರಡರ ಫೋಟೋ ಹಾಕಿ ಬಿಸಿಲಿನ ಮಹಿಮೆ ಅಂತ ಹೊಗಳೋದು ಸುಲಭ. ನಾವು ಓದೋ ಎಷ್ಟೋ ಸಾಧಕರ ಕಥೆಗಳು ಇದೇ ಥರದವು.

ಇದನ್ನ ನಾನು ಹೊರಗೆ ನಿಂತು ಹೇಳ್ತಿಲ್ಲ. ಹಳ್ಳಿಯಿಂದ ಬಂದು ಸಾಫ್ಟ್‌ವೇರ್ ಇಂಜಿನಿಯರ್ ಆದ ನನ್ನನ್ನೂ ಜನ ಉಳಿದ ಮೊಳಕೆ ಥರಾನೇ ತೋರಿಸ್ತಾರೆ. ಊರಿಗೆ ಹೋದಾಗ "ಇವನ ನೋಡಿ ಕಲೀರಿ" ಅಂತ ಹುಡುಗರ ಮುಂದೆ ನಿಲ್ಲಿಸ್ತಾರೆ. ಎಸ್ಸೆಸ್ಸೆಲ್ಸಿ ತನಕ ನನ್ನ ಪಕ್ಕದಲ್ಲೇ ಕೂರ್ತಿದ್ದ ಒಬ್ಬ ಗೆಳೆಯ ಇದ್ದ. ಗಣಿತದಲ್ಲಿ ನಾನು ಅವನ ಪುಸ್ತಕ ನೋಡಿ ಲೆಕ್ಕ ತಿಳ್ಕೊಳ್ತಿದ್ದೆ. ಸೈನ್ಸ್ ಓದಬೇಕು ಅಂದ್ರೆ ಪೇಟೆಗೆ ಹೋಗಬೇಕಿತ್ತು. ಪೇಟೆಯಲ್ಲಿ ನನಗೆ ಚಿಕ್ಕಪ್ಪನ ಮನೆ ಇತ್ತು, ಚಿಕ್ಕಮ್ಮ ಎರಡು ವರ್ಷ ಮುಖ ಸಿಂಡರಿಸದೆ ಊಟ ಹಾಕಿದರು. ಅವನಿಗೆ ಅಂಥ ಮನೆ ಇರಲಿಲ್ಲ. ಈಗ ಊರಲ್ಲೇ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದಾನೆ, ಚೆನ್ನಾಗೇ ಇದ್ದಾನೆ. ಅವನ ಬಗ್ಗೆ ಅಯ್ಯೋ ಅನ್ನೋದು ಅವನಿಗೆ ಮಾಡೋ ಅವಮಾನ. ಆದರೆ ನಮ್ಮಿಬ್ಬರ ನಡುವಿನ ಅಂತರಕ್ಕೆ 'ಪ್ರತಿಭೆ' ಅಂತ ಹೆಸರಿಟ್ಟರೆ ಅದು ಸುಳ್ಳು. ನಾನು ಓದಿದ್ದು ನಿಜ, ರಾತ್ರಿ ನಿದ್ದೆಗೆಟ್ಟಿದ್ದೂ ನಿಜ. ನಿದ್ದೆಗೆಟ್ಟು ಓದೋಕೆ ಒಂದು ಮನೆ, ಒಂದು ಬಲ್ಬು ಇತ್ತು ಅನ್ನೋದೂ ಅಷ್ಟೇ ನಿಜ.

'ಮೆರಿಟಾಕ್ರಸಿ' ಅನ್ನೋ ಪದ ಬಳಕೆಗೆ ಬಂದದ್ದು ಹೆಚ್ಚಾಗಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್‌ನ 1958ರ ಪುಸ್ತಕದಿಂದ. ಅದು ಹೊಗಳಿಕೆ ಆಗಿರಲಿಲ್ಲ, ವಿಡಂಬನೆ. ಗೆದ್ದವರು ತಮ್ಮ ಗೆಲುವಿಗೆ ತಾವೇ ಪೂರ್ತಿ ಕಾರಣ ಅಂತ ನಂಬೋ, ಸೋತವರಿಗೂ ಅದನ್ನೇ ನಂಬಿಸೋ ಸಮಾಜ ಎಷ್ಟು ಕ್ರೂರ ಆಗಬಹುದು ಅನ್ನೋದು ಅದರ ವಿಷಯ. 1971ರಲ್ಲಿ ಜಾನ್ ರಾಲ್ಸ್ ಇನ್ನೂ ಮುಂದೆ ಹೋದ. ಹುಟ್ಟಿದ ಮನೆಯಷ್ಟೇ ಅಲ್ಲ, ಹುಟ್ಟಿನಿಂದ ಬಂದ ಪ್ರತಿಭೆಯೂ ನಾವು ಸಂಪಾದಿಸಿದ್ದಲ್ಲ, ನೈತಿಕವಾಗಿ ನೋಡಿದರೆ ಅದೂ ಆಕಸ್ಮಿಕವೇ ಅಂದ. ಹಾಗಾದರೆ ಹೈಬ್ರಿಡ್ಡೋ ನಾಟಿಯೋ ಅನ್ನೋ ವ್ಯತ್ಯಾಸವೂ ಮುಖ್ಯ ಅಲ್ಲ. ಒಳ್ಳೆಯ ವಂಶವಾಹಿ ಬೇಕು ಅಂತ ಯಾವ ಬೀಜವೂ ಅರ್ಜಿ ಹಾಕಿರಲ್ಲ.

ಹಾಗಂತ ಕಣ್ಣುಮುಚ್ಚಿ ಕತ್ತರಿಸಬೇಕಾ? ಬೇಡ. ಎರಡು ತಿಂಗಳಾದ ಮೇಲೆ ಹಣ್ಣು ಬೇಕು ಅಂದ್ರೆ ಇವತ್ತು ಗಟ್ಟಿ ಇರೋ ಸಸಿಯನ್ನ ಉಳಿಸೋದೇ ಜಾಣತನ. ಆಪರೇಷನ್ ಮಾಡೋಕೆ ನುರಿತ ಕೈಯೇ ಬೇಕು, ಅದಕ್ಕೆ ಚೀಟಿ ಎತ್ತೋಕಾಗಲ್ಲ. ಮನುಷ್ಯರು ಸಸಿಗಳಲ್ಲ ಅನ್ನೋದೂ ಸರಿ. ಮನುಷ್ಯರಿಗೆ ಛಲ ಇದೆ, ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋಗೋ ಕಾಲಿದೆ. ಆದರೆ ಆಯ್ಕೆ ಮಾಡೋದು ಬೇರೆ, ತೀರ್ಪು ಕೊಡೋದು ಬೇರೆ. "ಈ ಜಾಗಕ್ಕೆ, ಈ ಹೊತ್ತಿಗೆ ಇದು ಹೊಂದುತ್ತೆ" ಅನ್ನೋದು ಆಯ್ಕೆ. "ಅದು ಲಾಯಕ್ಕಿಲ್ಲ" ಅನ್ನೋದು ತೀರ್ಪು. ಮೊದಲನೆಯದಕ್ಕೆ ಕಣ್ಣೆದುರಿಗಿರೋ ಸಸಿ ಸಾಕು. ಎರಡನೆಯದನ್ನ ಹೇಳಬೇಕಾದ್ರೆ ಅದು ಎಷ್ಟು ಆಳದಿಂದ ಎದ್ದು ಬಂತು, ಯಾರ ನೆರಳಲ್ಲಿ ಬೆಳೀತು ಅನ್ನೋದೆಲ್ಲ ಗೊತ್ತಿರಬೇಕು. ಕತ್ತರಿ ಹಿಡಿದವರಿಗೆ ಅದು ಗೊತ್ತಿರೋದು ಅಪರೂಪ.

ಈ ವ್ಯತ್ಯಾಸದಿಂದ ಕೆಲಸವೂ ಬದಲಾಗುತ್ತೆ. ತೀರ್ಪು ಕೊಟ್ಟವನಿಗೆ ಮುಂದೆ ಮಾಡೋದೇನೂ ಉಳಿಯಲ್ಲ. ಬರೀ ಆಯ್ಕೆ ಮಾಡಿದವನು ಮುಂದಿನ ಸಲ ಬೀಜವನ್ನ ಒಂದೇ ಆಳಕ್ಕೆ ಹಾಕ್ತಾನೆ, ಕೋಕೋಪೀಟ್ ಗಂಟು ಒಡೀತಾನೆ, ಕಿಟಕಿ ಕಡೆ ವಾಲದ ಹಾಗೆ ಟ್ರೇಯನ್ನ ದಿನಾ ತಿರುಗಿಸ್ತಾನೆ. ಕೈಲಾದ್ರೆ ಎರಡನೇ ಸಸಿಯನ್ನ ಹುಷಾರಾಗಿ ಬಿಡಿಸಿ ಬೇರೆ ಕಪ್ಪಿಗೆ ಹಾಕ್ತಾನೆ. ಸಣಕಲಾಗಿ ಉದ್ದ ಬೆಳೆದ ಟೊಮೆಟೊ ಸಸಿಯನ್ನ ನಾಟಿ ಮಾಡುವಾಗ ಕೆಳಗಿನ ಎಲೆ ತೆಗೆದು ಕಾಂಡವನ್ನ ಅರ್ಧದ ತನಕ ಮಣ್ಣಲ್ಲಿ ಹೂತರೆ, ಹೂತ ಕಾಂಡದ ಉದ್ದಕ್ಕೂ ಹೊಸ ಬೇರು ಬರುತ್ತೆ. ಬಡಕಲು ಅಂತ ನಾವು ತೆಗೆದುಹಾಕೋಕೆ ಹೊರಟಿದ್ದರ ಆ ಉದ್ದ ಕಾಂಡವೇ ಮುಂದೆ ಬೇರಾಗುತ್ತೆ.

ಇದನ್ನ ಓದ್ತಿರೋ ನಿಮ್ಮಲ್ಲಿ ತುಂಬಾ ಜನರ ಕೈಯಲ್ಲಿ ಕತ್ತರಿ ಇದೆ. ಇಂಟರ್‌ವ್ಯೂ ತಗೊಳ್ತೀರಿ, ಅಪ್ರೈಸಲ್ ಬರೀತೀರಿ, ಟೀಮಿಗೆ ಯಾರು ಬೇಕು ಅಂತ ಹೇಳ್ತೀರಿ. ನಾನೂ ಆ ಕೆಲಸ ಮಾಡ್ತೀನಿ. ಇಂಗ್ಲಿಷಲ್ಲಿ ತಡವರಿಸೋ ಹುಡುಗಿಯೊಬ್ಬಳು ಬಂದಾಗ ಇರೋ ಒಂದೇ ಸೀಟನ್ನ ಅವಳಿಗೆ ಕೊಡೋಕೆ ಕೆಲವೊಮ್ಮೆ ಆಗಲ್ಲ. ಆದರೆ ಫೀಡ್‌ಬ್ಯಾಕ್ ಫಾರ್ಮಲ್ಲಿ 'ವೀಕ್ ಕ್ಯಾಂಡಿಡೇಟ್' ಅಂತ ಬರೆಯೋದಿಲ್ಲ. ಯಾವ ಪ್ರಶ್ನೆಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಅಂತಷ್ಟೇ ಬರೀತೀನಿ. ಯೋಚಿಸೋಕೆ ಇನ್ನೂ ಹತ್ತು ನಿಮಿಷ ಕೊಡ್ತೀನಿ, ಕನ್ನಡದಲ್ಲಿ ಹೇಳಿ ಪರವಾಗಿಲ್ಲ ಅಂತೀನಿ. ಅಷ್ಟಕ್ಕೇ ಕೆಲವರ ಉತ್ತರ ಪೂರ್ತಿ ಬದಲಾಗಿದ್ದನ್ನ ನೋಡಿದ್ದೀನಿ.