ಐನೂರು ವರ್ಷ ನಿಂತ ತಾತ್ಕಾಲಿಕ ಗೋಡೆ

ನಮ್ಮ ಆಯುಷ್ಯದಲ್ಲಿ ಮುಗಿಯದು ಎಂದು ಗೊತ್ತಿರುವ ಕೆಲಸವನ್ನು ಶುರು ಮಾಡುವುದು ಸರಿಯೇ? ಅದರ ಖರ್ಚು, ಶ್ರಮಗಳನ್ನು ಇನ್ನೂ ಹುಟ್ಟದವರ ಹೆಗಲಿಗೆ ಹೊರಿಸುವ ಹಕ್ಕು ನಮಗೆಲ್ಲಿಂದ ಬಂತು? ಗಡುವುಗಳ ನಡುವೆಯೇ ಬದುಕುವ ಪ್ರಾಜೆಕ್ಟ್ ಮ್ಯಾನೇಜರ್ ನಾನು. ಈ ಪ್ರಶ್ನೆ ಎದ್ದಾಗಲೆಲ್ಲ ಜರ್ಮನಿಯ ಕೊಲೋನ್ ಕೆಥೆಡ್ರಲ್ ನೆನಪಾಗುತ್ತದೆ.

1248ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಫ್ರಾನ್ಸಿನ ಗಾಥಿಕ್ ಮಾದರಿ: ಚೂಪು ಕಮಾನುಗಳು, ಎತ್ತರದ ಚಾವಣಿಯ ಒತ್ತಡವನ್ನು ಹೊರಗಿನಿಂದ ತಾಳಿಕೊಳ್ಳುವ ಆಸರೆ ಕಮಾನುಗಳು, ಹಾಗಾಗಿ ಗೋಡೆಯ ಜಾಗದಲ್ಲಿ ಬಣ್ಣದ ಗಾಜು. 1322ರಲ್ಲಿ ಪ್ರತಿಷ್ಠೆಯಾದದ್ದು ಪೂರ್ವದ ಭಾಗ ಮಾತ್ರ. 16ನೇ ಶತಮಾನದಲ್ಲಿ ಕೆಲಸ ನಿಂತೇಹೋಯಿತು. ಅರ್ಧ ಎದ್ದ ದಕ್ಷಿಣ ಗೋಪುರದ ಮೇಲೆ ಮರದ ಕ್ರೇನ್ ಶತಮಾನಗಳ ಕಾಲ ಹಾಗೆಯೇ ಇತ್ತು. ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ, ಮುಗಿದದ್ದು 1880ರಲ್ಲಿ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮುಗಿದ ಗೋಪುರಗಳಿಗಿಂತ ಆ ಹಳಬರು ಮಾಡಿಟ್ಟ ಎರಡು ಏರ್ಪಾಡು.

ಒಂದು, ಪೂರ್ವ ಭಾಗ ಸಿದ್ಧವಾಗುತ್ತಲೇ ಅದರ ತೆರೆದ ಪಶ್ಚಿಮದ ಬಾಯಿಗೆ ತಾತ್ಕಾಲಿಕ ಗೋಡೆ ಕಟ್ಟಿದರು. ಒಳಗೆ ಪ್ರಾರ್ಥನೆ ಶುರುವಾಯಿತು. ಆ ಗೋಡೆಯನ್ನು ಕೆಡವಿದ್ದು 1863ರಲ್ಲಿ! ನಾಳಿನ ಭವ್ಯತೆಯ ಹೆಸರಿನಲ್ಲಿ ಇಂದಿನವರನ್ನು ಬಿಸಿಲು ಮಳೆಯಲ್ಲಿ ನಿಲ್ಲಿಸಲಿಲ್ಲ.

ಎರಡು, ಪಶ್ಚಿಮ ಮುಖದ ನಕ್ಷೆಯನ್ನು ಚರ್ಮದ ಹಾಳೆಯ ಮೇಲೆ, ನಾಲ್ಕು ಮೀಟರಿಗೂ ಎತ್ತರವಾಗಿ ಬರೆದಿಟ್ಟರು. ಕಳೆದುಹೋಗಿದ್ದ ಅದರ ಒಂದು ಭಾಗ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿತು. ಬರೆದವರ ಮುಖ ಕಾಣದವರು ಅದನ್ನು ಓದಿ ಗೋಪುರ ಎತ್ತಿದರು.

ಆದರೆ ಸತ್ತವರ ನಕ್ಷೆ ಬದುಕಿರುವವರನ್ನು ಕಟ್ಟಿಹಾಕಬೇಕೇ? ಕವಿ ಹೈನೆ 1844ರ ತನ್ನ ಕಾವ್ಯದಲ್ಲಿ ಈ ಕಟ್ಟಡ ಪೂರ್ತಿಯಾಗದಿದ್ದುದೇ ಒಳಿತೆಂದ. ಅವನಿಗೆ ಅದು ಬುದ್ಧಿಯ ಸೆರೆಮನೆಯಾಗಿ ಕಂಡಿತ್ತು. ಆ ಮಾತಿನಲ್ಲಿ ತೂಕವಿದೆ. ಮುಗಿಸಿದವರೂ ಹಳಬರ ಆಳುಗಳಾಗಿರಲಿಲ್ಲ. ಪ್ರಾಟೆಸ್ಟೆಂಟ್ ದೊರೆಯೊಬ್ಬ ಈ ಕ್ಯಾಥೊಲಿಕ್ ಇಗರ್ಜಿಗೆ ಹಣ ಕೊಟ್ಟದ್ದರ ಹಿಂದೆ ಜರ್ಮನ್ ಏಕತೆಯ ಕನಸಿತ್ತು. ಹೊರಗೆ ಹಳೆಯ ನಕ್ಷೆಗೆ ನಿಷ್ಠರಾದವರು ಮಾಡಿನ ಚೌಕಟ್ಟಿಗೆ ಮರ ಬಿಟ್ಟು ಕಬ್ಬಿಣ ಬಳಸಿದರು.

ಹಾಗಾಗಿ ಮುಗಿಸದೆ ಹೋಗುವುದು ತಪ್ಪೆಂದು ನನಗನ್ನಿಸುವುದಿಲ್ಲ. ಬಿಟ್ಟುಹೋಗುವ ಅರ್ಧ ಕೆಲಸ ಇಂದಿನವರಿಗೆ ನೆರಳಾಗಬೇಕು, ನಾಳೆ ಬರುವವರಿಗೆ ಅರ್ಥವಾಗಬೇಕು. ಮುಂದುವರಿಸಬೇಕೋ ಬೇಡವೋ ಎನ್ನುವುದು ಅವರಿಗೇ ಬಿಟ್ಟದ್ದು.