ಸೆರಗು ಕೆಂಪೇ ಇರಲಿ

ಧಾರವಾಡದ ಮನೆಯೊಂದರ ಪಡಸಾಲೆ, ಭಾನುವಾರ ಮಧ್ಯಾಹ್ನ. 1979ರಲ್ಲಿ ಬ್ಯಾಂಕ್ ಸೇರಿ 37 ವರ್ಷ ದುಡಿದು ನಿವೃತ್ತಳಾದ ದೊಡ್ಡವ್ವ ಟ್ರಂಕಿನಿಂದ ಸೀರೆಗಳನ್ನು ತೆಗೆದು ಗಾಳಿಗೆ ಹರವುತ್ತಿದ್ದಾಳೆ. ತಂಗಿಯ ಮಗಳು ಹೈಕೋರ್ಟಿನ ಧಾರವಾಡ ಪೀಠದಲ್ಲಿ ನಾಲ್ಕು ವರ್ಷ ವಕೀಲಿ ಮಾಡಿದವಳು. ಬರುವ ತಿಂಗಳು ಬೆಂಗಳೂರಿನ ಕಂಪನಿಯೊಂದರ ಕಾನೂನು ವಿಭಾಗಕ್ಕೆ ಹೊರಟಿದ್ದಾಳೆ.

ಮಗಳು: ದೊಡ್ಡವ್ವ, ಕೊಳ್ಳೂ ಬಟ್ಟಿದ್ದು ಒಂದು ಪಟ್ಟಿ ಮಾಡೀನಿ. ಬಿಳಿ ಅಂಗಿ, ಕರಿ ಬ್ಲೇಜರು, ಬೂದಿ ಬಣ್ಣದ ಪ್ಯಾಂಟು, ಮುತ್ತಿನ ಓಲಿ. ಒಟ್ಟ ಹದಿನೈದು. ಇವು ಎಂದೂ ಹಳೇವು ಆಗಂಗಿಲ್ಲಂತ.

ದೊಡ್ಡವ್ವ: ಯಾರು ಹೇಳಿದ್ರು?

ಮಗಳು: ಎಲ್ಲಾರೂ ಹೇಳ್ತಾರ.

ದೊಡ್ಡವ್ವ: ನೀ ವಕೀಲಿ ಇದ್ದಿ. ಎಲ್ಲಾರೂ ಹೇಳ್ತಾರ ಅಂದ್ರ ನಿಮ್ಮ ಕೋರ್ಟಿನ್ಯಾಗ ಪುರಾವಿ ಆಗತೈತೇನು? ಎಂದೂ ಹಳೇದಾಗದ್ದು ಅಂತ ಒಂದರ ಬಟ್ಟಿ ತೋರಿಸು.

ಮಗಳು: ಸೀರಿ ಐತಲ್ಲ, ನಿನ್ನ ಕೈಯಾಗ. ಸಾವಿರಾರು ವರ್ಷದ್ದು.

ದೊಡ್ಡವ್ವ: ಅರಿವಿ ಹಳೇದು, ಖರೆ. ಆದ್ರ ನೀ ಉಡೂ ರೀತಿ? ಒಳಗ ಲಂಗ, ಮ್ಯಾಲ ಜಂಪರು, ಮುಂದ ನೀರಿಗಿ, ಎಡ ಹೆಗಲ ಮ್ಯಾಲ ಸೆರಗು. ನಮ್ಮವ್ವ ಹಿಂಗ ಉಡತಿರಲಿಲ್ಲ, ಕಚ್ಚಿ ಹಾಕ್ತಿದ್ಲು. ಕೊಡಗಿನವರು ಇವತ್ತಿಗೂ ನೀರಿಗಿ ಹಿಂದ ಸಿಗಸ್ತಾರ. ನೀ ಉಡೂ ರೀತಿ ದೇಶದ ತುಂಬ ಹಬ್ಬಿ ನೂರೈವತ್ತು ವರ್ಷ ಆಗಿರಬಹುದು, ಅಷ್ಟ. ಅದನ್ನ ಹಬ್ಬಿಸಿದವರಾಗ ಜ್ಞಾನದಾನಂದಿನಿ ದೇವಿ ಮುಖ್ಯ. ರವೀಂದ್ರನಾಥ ಠಾಕೂರರ ಅತ್ತಿಗಿ. ಗಂಡ ಸತ್ಯೇಂದ್ರನಾಥರು 1863ರಾಗ ಐಸಿಎಸ್ ಪಾಸಾದ ಮೊದಲನೇ ಭಾರತೀಯರು. ಅವರ ಜೋಡಿ ಮುಂಬಯಿ ಕಡೆ ಬಂದಾಗ, ಕಲಕತ್ತಾದ ಮನಿಯೊಳಗ ಉಡೂ ಸೀರಿ ಹೊರಗಿನ ಓಡಾಟಕ್ಕ ಸಾಲಲಿಲ್ಲ. ಪಾರಸಿ ಹೆಣ್ಣಮಕ್ಕಳು ಉಡೂದನ್ನ ನೋಡಿ ಕಲ್ತಳು. ಅವರು ಸೆರಗ ಬಲಹೆಗಲಿಗೆ ಹಾಕ್ತಿದ್ರು, ಅಕಿ ಎಡಕ್ಕ ಹಾಕಿದ್ಲು. ಬಲಗೈ ಬಿಡುವಾತು.

ಮಗಳು: ಸತ್ಯೇಂದ್ರನಾಥರು ಅಂದ್ರ ಕಾರವಾರದಾಗ ಜಡ್ಜ್ ಇದ್ದವರ?

ದೊಡ್ಡವ್ವ: ಅವರ. ಹೊಸ್ತಲಾ ದಾಟಿದ ಹೆಂಗಸಿಗೆ ಏನ ಬೇಕೋ ಅದರಿಂದ ಆ ಉಡಿಗಿ ಹುಟ್ಟಿತು. ಅಜ್ಜಿ ಮುತ್ತಜ್ಜಿ ಕಾಲದಿಂದ ಬಂದದ್ದು ಅಂತ ನಾವು ತಿಳ್ಕೊಂಡೀವಿ.

ಮಗಳು: ಹಂಗಾರ ಕಾಲಕ್ಕ ತಡಕೊಳ್ಳೂದು ಯಾವುದೂ ಇಲ್ಲ ಅನ್ನು.

ದೊಡ್ಡವ್ವ: ಅವಸರ ಮಾಡಬ್ಯಾಡ. ನಿಮ್ಮ ಕೋರ್ಟಿಗೆ ಹೋಗೂಣು. ಅಲ್ಲಿ ಉಡೂದರಾಗ ಏನೇನ ಆರಿಸಬಹುದು?

ಮಗಳು: ಏನೂ ಇಲ್ಲ. ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡ್, ಹೈಕೋರ್ಟಿನ್ಯಾಗ ಗೌನು. ಸೀರಿ ಬಿಳಿ ಇರಬೇಕು, ಕರಿ ಇರಬೇಕು, ಇಲ್ಲಾ ಕಣ್ಣಿಗೆ ಹೊಡಿಯದ ಬಣ್ಣದ್ದು. ಪ್ರಿಂಟು ಚಿತ್ತಾರ ನಡಿಯಂಗಿಲ್ಲ. ಬಾರ್ ಕೌನ್ಸಿಲ್ ನಿಯಮ.

ದೊಡ್ಡವ್ವ: ಅಷ್ಟೂ ಮಂದಿ ಒಂದ ವೇಷದಾಗ ಇದ್ದಾಗ, ಹಿಂದಿನಿಂದ ನೋಡಿ ನಿಮ್ಮ ಸೀನಿಯರ್ ಬಾಯಾರನ್ನ ಗುರ್ತ ಹಿಡೀತಿಯಿಲ್ಲೋ?

ಮಗಳು: ಥಟ್ಟನ ಹಿಡೀತೀನಿ. ಅವರ ಬ್ಯಾಂಡಿಗೆ ಗಂಜಿ ತಪ್ಪಂಗಿಲ್ಲ. ಸೀರಿ ಯಾವಾಗಲೂ ಹತ್ತೀದು, ಹಿಮ್ಮಡಕ್ಕಿಂತ ಒಂದ ಬೆರಳ ಮ್ಯಾಲ. ಕೈಯಾಗ ದೊಡ್ಡ ಅಂಕಿ ಇರೂ ಗಡಿಯಾರ. ವಾದಕ್ಕ ನಿಲ್ಲೂ ಮುಂದ ಅದನ್ನ ಬಿಚ್ಚಿ ಮೇಜಿನ ಮ್ಯಾಲ ಇಡ್ತಾರ. ಅವರ ಛೇಂಬರಿನ್ಯಾಗ ಇಪ್ಪತ್ತು ವರ್ಷದ ಹಿಂದಿನ ಫೋಟೋ ಐತಿ, ಅದರಾಗೂ ಹಿಂಗ ಅದಾರ.

ದೊಡ್ಡವ್ವ: ಆರಿಸಾಕ ಏನೂ ಇಲ್ಲದಲ್ಲೂ ಅವರು ಅವರಂಗ ಕಾಣ್ತಾರ. ಅದನ್ನ ನೀ ಯಾವ ಅಂಗಡ್ಯಾಗ ಕೊಳ್ತೀ?

ಮಗಳು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಗಂಜಿ, ಅಳತಿ, ಗಡಿಯಾರ. ಮೂರೂ ಕೆಲಸದಿಂದ ಬಂದಾವು. ಮೆಟ್ಟಲಾ ಹತ್ತಿ ಇಳೀಬೇಕು, ಅದಕ್ಕ ಸೀರಿ ಮ್ಯಾಲ. ವಾದ ಉದ್ದ ಆಗಬಾರದು, ಅದಕ್ಕ ಗಡಿಯಾರ ಕಣ್ಣ ಮುಂದ.

ದೊಡ್ಡವ್ವ: ನನಗ ಇಷ್ಟು ತಿಳಿಯಾಕ ಭಾಳ ವರ್ಷ ಹಿಡೀತು. ನೌಕರಿ ಹತ್ತಿದಾಗ ಎಲ್ಲಾರೂ ನೈಲೆಕ್ಸ್ ಸೀರಿ ಉಡತಿದ್ರು, ನಾನೂ ಐದು ತಗೊಂಡೆ. ಇಸ್ತ್ರಿ ಬೇಕಿಲ್ಲ, ನೀರಿಗಿ ಕೆಡಂಗಿಲ್ಲ. ಆದ್ರ ಕ್ಯಾಶ್ ಕೌಂಟರಿನ ಪಂಜರದಾಗ ಬ್ಯಾಸಗಿ ಮಧ್ಯಾಹ್ನ ಕುಂದ್ರಬೇಕಲ್ಲ, ಬೆವರು ಇಳದು ನೋಟು ಕೈಗೆ ಅಂಟತಿದ್ವು. ಲೆಡ್ಜರಿಗೆ ಬಗ್ಗಿದಾಗೊಮ್ಮೆ ಸೆರಗ ಜಾರೂದು. ದಿನದಾಗ ಐವತ್ತು ಸಲ ಒಂದ ಕೈ ಸೆರಗಿಗೆ ಹೋಗ್ತಿತ್ತು. ಪ್ರಮೋಶನ್ ಸಂದರ್ಶನದಾಗ ಮ್ಯಾಲಿನವರೊಬ್ಬರು, ಆಫೀಸರ ಆಗೂ ಹೆಣ್ಣಮಕ್ಕಳು ಇನ್ನಷ್ಟು ಸ್ಮಾರ್ಟ್ ಕಾಣಬೇಕು ಅಂದ್ರು. ನನ್ನ ಲೆಕ್ಕದಾಗ ಒಂದು ಪೈಸೆ ಎಂದೂ ಹೆಚ್ಚುಕಡಿಮಿ ಆಗಿರಲಿಲ್ಲ.

ಮಗಳು: ಗಂಡಸರಿಗೆ ಈ ಮಾತ ಯಾರೂ ಹೇಳಂಗಿಲ್ಲ. ಒಂದ ಪ್ಯಾಂಟು ವಾರಗಟ್ಟಲೆ ಹಾಕಿದ್ರೂ ನಡೀತೈತಿ. ನನಗ ಸಿಟ್ಟು ಬರೂದು ಇದಕ್ಕ. ನಾ ಯಾಕ ಈ ಬಟ್ಟಿ ವಿಚಾರಾನ ಮಾಡಬೇಕು?

ದೊಡ್ಡವ್ವ: ಅದು ಅನ್ಯಾಯ. ಅದರಾಗ ಎರಡ ಮಾತಿಲ್ಲ. ಆದ್ರ ಉಡುತಡಿಯ ಅಕ್ಕಮಹಾದೇವಿನ್ನ ನೆನಸ್ಕೋ. ಬಟ್ಟೀನ ಬಿಟ್ಟು ಕಲ್ಯಾಣಕ್ಕ ನಡದು ಬಂದವಳು. ಅಲ್ಲಿ ಅಲ್ಲಮ ಕೇಳೇ ಬಿಟ್ಟ, ಎಲ್ಲಾ ಬಿಟ್ಟ ಮ್ಯಾಲ ಕೂದಲದಿಂದ ಮೈ ಯಾಕ ಮುಚ್ಚಿಕೊಂಡಿ ಅಂತ. ನೋಡೂ ನಿಮಗ ನೋವಾದೀತು ಅಂತ ಮುಚ್ಚೀನಿ ಅನ್ನೂ ಅರ್ಥದಾಗ ಅಕಿ ಉತ್ತರ ಕೊಟ್ಟಳು. ಅಂಥಾಕಿಗೂ ಎದುರಿನ ಕಣ್ಣು ತಪ್ಪಲಿಲ್ಲ. ಆದ್ರ ಉತ್ತರ ಅಕೀದು, ಕೇಳಿದವರದಲ್ಲ. ನಾ ಆ ಸಂದರ್ಶನದ ದಿನ ಬಾಯಿ ಮುಚ್ಚಿಕೊಂಡು ಬಂದು ಇನ್ನೆರಡು ನೈಲೆಕ್ಸ್ ತಗೊಂಡೆ. ಅದು ಈಗಲೂ ಚುಚ್ಚತೈತಿ.

ಮಗಳು: ಆಮ್ಯಾಲ ಇಳಕಲ್‌ ಸೀರಿಗೆ ಹೆಂಗ ಬಂದಿ?

ದೊಡ್ಡವ್ವ: ಹುನಗುಂದ ಕಡೆ ವರ್ಗ ಆತು. ಸಾಲದ ಕೆಲಸಕ್ಕ ನೇಕಾರರ ಮನಿಗೆ ಹೋಗ್ತಿದ್ದೆ. ಅಲ್ಲಿ ನೋಡಿದೆ. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮಿ. ಎರಡೂ ಬ್ಯಾರೆ ಬ್ಯಾರೆ ತಯಾರಾಗ್ತಾವು. ಆಮ್ಯಾಲ ಇದರ ಎಳಿ ಕುಣಿಕಿ ಮಾಡಿ ಅದರ ಕುಣಿಕಿಯೊಳಗ ಸಿಗಸ್ತಾರ, ಒಂದೊಂದ ಎಳಿ. ಅದಕ್ಕ ಕೊಂಡಿ ಅಂತಾರ. ಹಂಗಾಗಿ ಪ್ರತಿ ಸೀರಿಗೂ ಹಾಸು ಬ್ಯಾರೆ ಹೂಡಬೇಕು. ಮನಿ ಹೆಣ್ಣಮಕ್ಕಳು ನೆಲದ ಮ್ಯಾಲ ಕುಂತು ಮಾಡ್ತಿದ್ರು, ಕಣ್ಣು ಎತ್ತತಿರಲಿಲ್ಲ. ಇಲ್ನೋಡು, ಈ ಸೀರಿ ಒಡಲು ನೀಲಿ, ಇದು ಹಸರು, ಇದು ಕರಿ. ಸೆರಗು?

ಮಗಳು: ಎಲ್ಲಾದರದೂ ಕೆಂಪು. ನಡುವ ಬಿಳಿ ತೆನಿ.

ದೊಡ್ಡವ್ವ: ಒಡಲು ಊರಿಗೆ, ಹಂಗಾಮಿಗೆ, ಕೆಲಸಕ್ಕ ತಕ್ಕಂಗ ಬದಲಾಗಲಿ. ಸೆರಗು ಕೆಂಪೇ ಇರಲಿ. ನನಗ ಹೊಳದದ್ದು ಇಷ್ಟ. ಹತ್ತಿ ಒಡಲು ಬೆವರು ಹೀರತಿತ್ತು, ರೇಷ್ಮಿ ಸೆರಗು ತೂಕಕ್ಕ ಹೆಗಲ ಮ್ಯಾಲ ಕುಂದರತಿತ್ತು. ಮ್ಯಾಲ ಗುಳೇದಗುಡ್ಡದ ಖಣದ ಕುಪ್ಪಸ. ನಮ್ಮವ್ವನ ಚಂಚಿ ನೆನಪಾಗಿ ಲಂಗಕ್ಕೊಂದು ಕಿಸೆ ಹೊಲಿಸಿದೆ. ಕ್ಯಾಶಿನ ಕೀಲಿ ಅದರಾಗ. ಆಮ್ಯಾಲ ಕೈ ಸೆರಗಿಗೆ ಹೋಗಲಿಲ್ಲ.

ಮಗಳು: ಹಂಗಾದ್ರ ನಾನೂ ಸೀರೀನ ಉಡಬೇಕೇನು? ನನಗ ಪ್ಯಾಂಟಿನ್ಯಾಗ ಹಗೂರ ಅನಸ್ತೈತಿ.

ದೊಡ್ಡವ್ವ: ಪ್ಯಾಂಟು ಹಾಕು. 2014ರ ಸೆಪ್ಟೆಂಬರ್ 24ಕ್ಕ ಮಂಗಳಯಾನ ಮಂಗಳನ ಸುತ್ತ ಕಕ್ಷೆ ಸೇರಿದಾಗ, ಬೆಂಗಳೂರಿನ ಇಸ್ರೋದ ಹೆಣ್ಣಮಕ್ಕಳು ರೇಷ್ಮಿ ಸೀರಿ ಉಟ್ಟು, ಹೂವು ಮುಡಿದು, ನಕ್ಕೋತ ನಿಂತ ಫೋಟೋ ಜಗತ್ತಿನ ತುಂಬ ಓಡ್ಯಾಡಿತು. ಸೀರಿ ದೊಡ್ಡದು ಅಂತ ಅದನ್ನ ಹೇಳಾಕತ್ತಿಲ್ಲ. ಅವರು ಹಬ್ಬದ ದಿನ ಮನ್ಯಾಗ ಹೆಂಗಿರ್ತಾರೋ ಹಂಗ ಅಲ್ಲೂ ಇದ್ರು, ಅದಕ್ಕ ಹೇಳ್ತೀನಿ. ನೀ ಹೇಳು, ನೀ ಛಲೋ ವಾದ ಮಾಡಿದ ದಿನ ಏನ ಹಾಕಿದ್ದಿ?

ಮಗಳು: ಕೋಟಿನ ಒಳಗ ಏನಿತ್ತು ಅಂತ ನೆನಪ ಇಲ್ಲ.

ದೊಡ್ಡವ್ವ: ಕೆಟ್ಟ ದಿನ?

ಮಗಳು: ಅದು ನೆನಪೈತಿ. ಹೊಸ ಚಪ್ಪಲಿ, ಎತ್ತರದ್ದು. ಜಡ್ಜ್ ಪ್ರಶ್ನೆ ಕೇಳೂ ಮುಂದ ಹಿಮ್ಮಡದ ಬೊಕ್ಕಿ ಉರೀತಿತ್ತು. ಪುಟದ ನಂಬರ ತಪ್ಪಿ ಹೇಳಿದೆ.

ದೊಡ್ಡವ್ವ: ಈಗ ನಿನ್ನ ಪಟ್ಟಿ ತಗಿ.

ಮಗಳು: ಎತ್ತರದ ಚಪ್ಪಲಿ ಬ್ಯಾಡ. ಮುತ್ತಿನ ಓಲಿ ನಂದಲ್ಲ, ಅವ್ವ ಕೊಟ್ಟ ಬೆಂಡೋಲಿ ಸಾಕು. ಪ್ಯಾಂಟು ಎರಡು, ಕಿಸೆ ಆಳ ಇರೂವು. ಅಂಗಿ ಹತ್ತೀವು, ತೋಳು ಮೊಣಕೈತನ ಮಡಚಾಕ ಬರಬೇಕು. ಬರಿಯೂ ಮುಂದ ನಾ ಮಡಚೇ ಮಡಚ್ತೀನಿ. ಬ್ಲೇಜರು ಅಳತಿ ಕೊಟ್ಟು ಹೊಲಸ್ತೀನಿ.

ದೊಡ್ಡವ್ವ: ಮತ್ತ?

ಮಗಳು: ಒಂದು ಕೆಂಪು ಬೇಕು. ಖಣದ್ದು ಒಂದು ಅಂಗಿ ಹೊಲಿಸಿದ್ರ? ಸೀರಿ ಒಂದ ಸಾಕು, ಇಳಕಲ್‌ದ್ದು. ಹುಬ್ಬಳ್ಳಿ ಅಂಗಡ್ಯಾಗ ನೋಡ್ಲೇನು?

ದೊಡ್ಡವ್ವ: ಎಲ್ಲ್ಯಾರ ನೋಡು. ಅಂಗಡಿಯಾಂವ ಬಣ್ಣ ತೋರಿಸಿದ್ರ ಬಣ್ಣಕ್ಕ ಮರಳಾಗಬ್ಯಾಡ. ಸೀರಿ ಬಿಚ್ಚಿಸಿ, ತಿರುವಿ, ಒಡಲೂ ಸೆರಗೂ ಕೂಡಿದ ಜಾಗಾದ ಮ್ಯಾಲ ಬೆರಳಾಡಿಸು. ಕೊಂಡಿ ಬೆರಳಿಗೆ ಹತ್ತತೈತಿ. ಹತ್ತಲಿಲ್ಲಂದ್ರ ಮಡಚಿ ಕೊಟ್ಟು ಎದ್ದು ಬಾ.